ಆಂಬೊಡೆಗೆ ಬಂದ ಅಪವಾದ

ಹಾಲು ಉಕ್ಕುವ ಮುನ್ನವೇ ಅದರ ಮನಸ್ಸನ್ನರಿತು ಉರಿಯನ್ನು ತಗ್ಗಿಸಬಲ್ಲವರು. ಬಾಗಿಲಿಗೆ ಬಂದವನು ಹಸಿದು ಬಂದನೋ ಉಂಡು ಬಂದನೋ ಎಂಬುದನ್ನು ಅವನು ಚಪ್ಪಲಿ ಬಿಡುವ ರೀತಿಯಿಂದಲೇ ತಿಳಿಯಬಲ್ಲವರು. ನೆರೆಮನೆಗಳ ಗುಟ್ಟನ್ನು ಉಪ್ಪಿನಕಾಯಿಯ ಜಾಡಿಯಂತೆ ಬಾಯಿಗೆ ಬಟ್ಟೆ ಕಟ್ಟಿ ಇಟ್ಟವರು. ನಲವತ್ತೊಂದು ವರ್ಷಗಳ ಸಂಸಾರದಲ್ಲಿ ಒಂದೇ ಒಂದು ಸಲ ಸಾರಿಗೆ ಎರಡು ಬಾರಿ ಉಪ್ಪು ಹಾಕಿದವರು, ಆ ಒಂದು ಸಲವೂ ಪಂಕ್ತಿಯ ನಡುವೆ ನಿಂತು ತಪ್ಪನ್ನು ಒಪ್ಪಿಕೊಂಡವರು. ಮಡಿಯುಟ್ಟಾಗ ಕೆಂಡದಂತೆಯೂ ಮಡಿ ಬಿಟ್ಟಾಗ ಬೆಣ್ಣೆಯಂತೆಯೂ ಇರುವವರು. ಸುಳ್ಳನ್ನು ಆಡದವರು, ಸತ್ಯವನ್ನೂ ಎರಡು ಸಲ ವಿಚಾರಿಸಿಯೇ ಆಡುವವರು. ಹೊಗಳಿದವರ ಮುಂದೆ ನಿಲ್ಲದೆ ಒಳಮನೆಗೆ ಹೊರಟುಹೋಗುವವರು. ಇಂತಹ ಗುಣಗಳಿಗೆಲ್ಲ ಆಶ್ರಯವಾಗಿ, ಹೊಸಪೇಟೆಯಲ್ಲಿ ವಡಕರಾಯನ ಗುಡಿಗೆ ಸಮೀಪದ ಓಣಿಯೊಂದರಲ್ಲಿ ಬಾಳುತ್ತಿರುವ ಗೃಹಿಣಿಯ ಹೆಸರು ಗಂಗಾಬಾಯಿ.

ಈ ಗುಣಗಳಲ್ಲಿ ಒಂದೂ ಬ್ಲಾಗು ಬರೆಯುವವರಿಗೆ ಅವಶ್ಯವಾದುದಲ್ಲ. ಕೆಲವಂತೂ ನೇರವಾಗಿ ಅಡ್ಡಿಯಾದವು. ಹಾಗಿದ್ದೂ ಅವರು ಬ್ಲಾಗು ಬರೆಯುವಂತಾದುದಕ್ಕೆ ಕಾರಣ ಸೊಸೆಯ ಊಟದ ಡಬ್ಬಿ.

ಸೊಸೆ ಶ್ರೀಪ್ರಿಯಾ ಯಶವಂತನಗರದ ಗಣಿ ಕಂಪನಿಯೊಂದರ ಕಚೇರಿಯಲ್ಲಿ ಉದ್ಯೋಗಿ. ಕಂಪನಿಯ ಬಸ್ಸಿನಲ್ಲಿ ದಿನವೂ ಸಂಡೂರಿನ ಗುಡ್ಡಗಳನ್ನು ಹತ್ತಿ ಇಳಿಯುವ ಆಕೆಯ ಡಬ್ಬಿಯಲ್ಲಿ ಅತ್ತೆ ಕಲಸಿಕೊಟ್ಟ ಸಾರನ್ನ ಇರುತ್ತಿತ್ತು. ಮುಚ್ಚಳ ತೆರೆದರೆ ಆ ಪರಿಮಳ ಅದಿರಿನ ಕೆಂಧೂಳನ್ನೂ ಗೆಲ್ಲುತ್ತಿತ್ತು. ಸಹೋದ್ಯೋಗಿಗಳಾದ ಹನ್ನೊಂದು ಮಂದಿ ಹೆಂಗಸರು ಸಾರಿನಪುಡಿಯ ಕ್ರಮವನ್ನು ಕೇಳಿ ಮನೆಗೆ ಫೋನು ಮಾಡತೊಡಗಿದರು. ಫೋನು ಬರುತ್ತಿದ್ದುದು ಗಂಗಾಬಾಯಿಯವರು ಮಡಿಯಲ್ಲಿ ಅಡುಗೆ ಮಾಡುವ ಹೊತ್ತಿಗೆ. ಮಡಿಯಲ್ಲಿ ಅದನ್ನು ಮುಟ್ಟುವಂತಿಲ್ಲ. ಆದ್ದರಿಂದ ಅವರ ಪತಿ ಪ್ರಭಂಜನರು, ನೀರಾವರಿ ಕಚೇರಿಯಲ್ಲಿ ಅಧೀಕ್ಷಕರಾಗಿ ನಿವೃತ್ತರಾದವರು, ಅಡುಗೆಮನೆಯ ಹೊಸ್ತಿಲಾಚೆ ನಿಂತು ಪ್ರಶ್ನೆಗಳನ್ನು ಒಳಗೂ ಉತ್ತರಗಳನ್ನು ಹೊರಗೂ ಸಾಗಿಸಬೇಕಾಗಿ ಬಂತು.

"ಕೊತ್ತಂಬ್ರಿ ಹುರಿದು ಹಾಕೋದೋ ಹಸೀದೋ ಅಂತ ಕೇಳ್ತಾರ."

"ಹುರಿದು ಅನ್ನಿ."

"ಎಷ್ಟು ಹುರೀಬೇಕು ಅಂತ."

"ವಾಸನಿ ಬರೋ ತನಕಾ ಅನ್ನಿ."

"ಯಾವ ವಾಸನಿ ಅಂತ ಕೇಳ್ಲಿಕ್ಹತ್ಯಾರ."

ಹದಿನೈದು ದಿನ ಹೀಗೆ ಕಳೆದ ಮೇಲೆ ಶ್ರೀಪ್ರಿಯಾ ಒಂದು ಉಪಾಯ ಹೇಳಿದಳು. "ಅತ್ತಿ, ಒಂದು ಬ್ಲಾಗ್ ಮಾಡೋಣ್ರಿ. ಒಮ್ಮೆ ಬರದು ಹಾಕಿದ್ರ ಮುಗೀತು. ಯಾರೂ ಫೋನ್ ಮಾಡಂಗಿಲ್ಲ."

ಹೀಗೆ ಹುಟ್ಟಿದ್ದು 'ಪಂಪಾತೀರದ ಪಾಕಶಾಲೆ'. ಗಂಗಾಬಾಯಿಯವರು ಮಧ್ಯಾಹ್ನ ಮಡಿ ಬಿಟ್ಟ ಮೇಲೆ ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆಯುವರು. ಪ್ರಭಂಜನರು ಅದನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿ ಅಲಂಕರಿಸುವರು. ಫೋನಿನ ಕಾಟ ತಪ್ಪಿಸುವುದೇ ಉದ್ದೇಶವಾಗಿದ್ದುದರಿಂದ ಬ್ಲಾಗಿನಲ್ಲಿ ಎಲ್ಲಿಯೂ ಫೋನ್ ನಂಬರಾಗಲಿ ವಿಳಾಸವಾಗಲಿ ಇರಲಿಲ್ಲ. ಹೆಸರೂ ಇರಲಿಲ್ಲ. ಮೊದಲ ದಿನ ಯಂತ್ರವು ಲೇಖಕರ ಹೆಸರನ್ನು ಕೇಳಿದಾಗ ಪ್ರಭಂಜನರು ಹೆಂಡತಿಯ ಮುಖ ನೋಡಿದ್ದರು.

"ಬರೀಲಿಕ್ಕೆ ನಾ ಯಾರು? ಬರಸಾಂವ ಅವ" ಎಂದರು ಗಂಗಾಬಾಯಿ.

"ಹಂಗಂದ್ರ ಏನು ಹಾಕ್ಲಿ?"

"ಶ್ರೀಹರಿ ಅಂತ ಹಾಕ್ರಿ."

ಮಾಡಿದ್ದೆಲ್ಲವನ್ನೂ ದೇವರಿಗೆ ಅರ್ಪಿಸುವ ಮನೆತನದಲ್ಲಿ ಇದು ಸಹಜವಾದ ಮಾತು. ಪ್ರಭಂಜನರು ಅದನ್ನು ಕಚೇರಿಯ ಶಿಸ್ತಿನಿಂದ ಕೊನೆಯವರೆಗೂ ಪಾಲಿಸಿದರು. ಲೇಖಕರ ಪರಿಚಯದ ಪುಟದಲ್ಲಿ ವಯಸ್ಸು ಎಂಬಲ್ಲಿ 'ಆದ್ಯಂತರಹಿತ' ಎಂದೂ, ವಾಸ ಎಂಬಲ್ಲಿ 'ಸರ್ವತ್ರ' ಎಂದೂ ತುಂಬಿದರು. ಹಂಪಿ ಬಜಾರಿನಲ್ಲಿ ಪ್ರವಾಸಿಗರಿಗೆ ಗೈಡ್ ಆಗಿರುವ ಎರ್ರೆಪ್ಪನೆಂಬವನು ಅದನ್ನು ಓದಿ, "ಸರ್, ನಿಮ್ಮದು ಎಲ್ಲಾ ಕಡಿ ಬ್ರಾಂಚ್ ಐತೇನ್ರಿ?" ಎಂದು ಕಾಮೆಂಟು ಬರೆದನು.

ಬರಹದ ರಚನೆಯೂ ಹಾಗೆಯೇ ಶಾಸ್ತ್ರೋಕ್ತವಾಗಿತ್ತು. ಮೊದಲಿಗೆ ಹನ್ನೆರಡು ಸಾಲಿನ ದೇವತಾಸ್ತುತಿ, ಅನಂತರ ಗುರುವಂದನೆ, ಅನಂತರ ಆ ಅಡುಗೆಯನ್ನು ಕಲಿಸಿದ ಅತ್ತೆಯವರ, ಅತ್ತೆಯವರಿಗೆ ಕಲಿಸಿದ ಅವರ ಅತ್ತೆಯವರ ಸ್ಮರಣೆ, ಅನಂತರ ಆ ಮಾಸದ ಮಾಹಾತ್ಮ್ಯ. ಒಲೆ ಹೊತ್ತಿಸುವ ಮಾತು ಬರುವಷ್ಟರಲ್ಲಿ ಓದುಗರ ಮನೆಯಲ್ಲಿ ಎಣ್ಣೆ ಕಾದು ಹೊಗೆಯೇಳುತ್ತಿತ್ತು. ಇದರ ಮೇಲೆ ಪ್ರಭಂಜನರ ಅಲಂಕಾರ. ಒಂದೊಂದು ಪರಿಚ್ಛೇದಕ್ಕೆ ಒಂದೊಂದು ಬಣ್ಣ. ಪುಟದ ಎರಡೂ ಬದಿಯಲ್ಲಿ ಮಿಣುಕುವ ದೀಪಗಳು. ಪುಟ ತೆರೆದೊಡನೆ ತಾನಾಗಿಯೇ ಬಾರಿಸುವ ಗಂಟೆ. ಯಶವಂತನಗರದ ಕಚೇರಿಯಲ್ಲಿ ಸಭೆಯೊಂದು ನಡೆಯುತ್ತಿದ್ದಾಗ ಶ್ರೀಪ್ರಿಯಾಳ ಪಕ್ಕದ ಮೇಜಿನ ಮರುಳಸಿದ್ದಮ್ಮ ಮೆಲ್ಲಗೆ ಬ್ಲಾಗನ್ನು ತೆರೆಯಲು, ಗಂಟೆ ಮೊಳಗಿ, ಸಭೆಯಲ್ಲಿದ್ದವರು ಅಭ್ಯಾಸಬಲದಿಂದ ಕೈಮುಗಿದರು.

ಏಕಾದಶಿಯಂದು ಅನ್ನದ ಮಾತನ್ನೂ ಆಡಬಾರದೆಂಬುದು ಗಂಗಾಬಾಯಿಯವರ ನಿಯಮ. ಆದಕಾರಣ ಪ್ರಭಂಜನರು ಪ್ರತಿ ಏಕಾದಶಿಗೂ ಬ್ಲಾಗನ್ನು ಯಾರಿಗೂ ಕಾಣದಂತೆ ಮುಚ್ಚಿ, ದ್ವಾದಶಿಗೆ ತೆರೆಯುತ್ತಿದ್ದರು. ಒಮ್ಮೆ ಮರೆತು ಒಂಬತ್ತು ದಿನ ಮುಚ್ಚಿಯೇ ಇಟ್ಟಿದ್ದರಿಂದ, ಶ್ರೀಹರಿ ಸರ್ ತೀರಿಕೊಂಡರೆಂದು ದೂರದ ಓದುಗರಲ್ಲಿ ಸುದ್ದಿಯಾಗಿತ್ತು.

ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆಯೂ ಪ್ರಭಂಜನರದೇ. ಮೂವತ್ತಾರು ವರ್ಷ ಅರ್ಜಿಗಳಿಗೆ ಉತ್ತರ ಬರೆದ ಕೈ ಅದು. ಕಂಪ್ಲಿಯಲ್ಲಿ ಅಕ್ಕಿ ಗಿರಣಿಯುಳ್ಳ ಮನೆತನದ ಹಂಪಮ್ಮನೆಂಬಾಕೆ ಬ್ಲಾಗಿನ ಪರಮಭಕ್ತೆ. ಆಕೆ ಒಂದು ದಿನ, "ಸರ್ರ, ಒಲಿ ಮ್ಯಾಲ ಬಾಂಡ್ಲಿ ಇಟ್ಟೀನಿ, ದೇವರ ಸ್ತುತಿ ಆಮ್ಯಾಲ ಓದ್ತೀನಿ, ಜಲ್ದಿ ಮೆಣಸು ಎಷ್ಟು ಹೇಳಿಬಿಡ್ರಿ" ಎಂದು ಬರೆದಳು. "ತಮ್ಮ ಪ್ರಶ್ನೆಯು ತಲುಪಿದೆ. ಪರಿಶೀಲಿಸಿ ಉತ್ತರಿಸಲಾಗುವುದು" ಎಂದು ಶ್ರೀಹರಿಯ ಹೆಸರಿನಲ್ಲಿ ಉತ್ತರ ಹೋಯಿತು. ಮೂರನೆಯ ದಿನ, "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ: ಎರಡು ಚಮಚ" ಎಂಬ ಆದೇಶ ಹೊರಟಿತು.

ಇಷ್ಟೆಲ್ಲ ಇದ್ದೂ ಅಡುಗೆಯ ಮಾತು ಮಾತ್ರ ಅಪ್ಪಟವಾಗಿದ್ದುದರಿಂದ ಓದುಗರು ಬಿಟ್ಟುಹೋಗಲಿಲ್ಲ. ಕೇಡು ಬಂದದ್ದು ಚಿತ್ರಗಳ ದಾರಿಯಿಂದ.

ಬ್ಲಾಗಿಗೆ ಚಿತ್ರ ಬೇಕೆಂದು ಓದುಗರು ಕೇಳಿದರು. ಗಂಗಾಬಾಯಿಯವರ ಅಡುಗೆಮನೆಗೆ ಮಡಿಯಲ್ಲಿಲ್ಲದ ಫೋನು ಕಾಲಿಡುವಂತಿರಲಿಲ್ಲ. ಪ್ರಭಂಜನರು ಅಂತರ್ಜಾಲದಲ್ಲಿ ಹುಡುಕಿ, ಕಣ್ಣಿಗೆ ಚಂದ ಕಂಡ ಚಿತ್ರಗಳನ್ನು ಆರಿಸಿ ಅಂಟಿಸಿದರು. ಹೋಳಿಗೆಯ ಚಿತ್ರದಲ್ಲಿ ತಟ್ಟೆಯ ಪಕ್ಕ ಮುಳ್ಳುಚಮಚವೂ, ಉದ್ದ ಕಾಲಿನ ಗಾಜಿನ ಪಾತ್ರೆಯಲ್ಲಿ ಕೆಂಪು ಪಾನೀಯವೂ ಇದ್ದವು; ಅದು ದಾಳಿಂಬೆಯ ರಸವೆಂದು ಅವರು ನಿಶ್ಚಯಿಸಿದ್ದರು. ಆಂಬೊಡೆಗೆ ಆರಿಸಿದ ಚಿತ್ರ ಹೊಂಬಣ್ಣದ್ದಾಗಿ, ಗರಿಗರಿಯಾಗಿ, ಪಕ್ಕದಲ್ಲಿ ನಿಂಬೆಯ ಹೋಳಿನೊಡನೆ ಮನೋಹರವಾಗಿತ್ತು. ಗಂಗಾಬಾಯಿಯವರು ಕಂಪ್ಯೂಟರಿನ ಕಡೆ ತಲೆ ಹಾಕುವವರಲ್ಲ. ಅವರು ಒಂದು ಚಿತ್ರವನ್ನೂ ನೋಡಿರಲಿಲ್ಲ.

ನೋಡಿದವಳು ಹಂಪಮ್ಮನ ಮಗಳು ಕಾವ್ಯ. ಮದುವೆ ಮುಂಜಿಗಳಲ್ಲಿ ಫೋಟೊ ತೆಗೆಯುವುದು ಆಕೆಯ ವೃತ್ತಿ. ಆಕೆ ತೆಗೆದ ಮದುವೆಯ ಚಿತ್ರಗಳನ್ನು ಯಾರೋ ಕದ್ದು ತಮ್ಮ ಜಾಹೀರಾತಿಗೆ ಬಳಸಿಕೊಂಡು ಎರಡು ತಿಂಗಳಾಗಿರಲಿಲ್ಲ. ತಾಯಿ ಅಭಿಮಾನದಿಂದ ತೋರಿಸಿದ ಬ್ಲಾಗನ್ನು ನೋಡಿದಾಗ ಆ ಗಾಯ ಮತ್ತೆ ಹಸಿಯಾಯಿತು. ಸಪ್ತಮಿಯ ದಿನ ಆಂಬೊಡೆಯ ಬರಹದ ಕೆಳಗೆ ಆಕೆ ಹೀಗೆ ಬರೆದಳು:

"ಶ್ರೀಹರಿ ಅವರೇ, ಆಂಬೊಡಿ ಅಂತ ಹಾಕೀರಲ್ಲ, ಅದು ಮೀನಿನ ಕಟ್ಲೆಟ್. ಹೋಳಿಗಿ ಬಾಜು ಗ್ಲಾಸಿನಾಗ ಇರೋದು ವೈನ್. ಒಂದು ಫೋಟೊನೂ ನಿಮ್ಮದಲ್ಲ, ಎಲ್ಲಾ ಕದ್ದವು. ಹೆಸರಿಲ್ಲ, ಊರಿಲ್ಲ, ಫೋನಿಲ್ಲ. ನೀವು ಒಲಿ ಮುಂದ ನಿಂತೋರೇ ಅಲ್ಲ, ಯಾರದೋ ಅಡಿಗಿ ಕದ್ದು ಬರಿಯೋರು. ನಮ್ಮವ್ವ ಆರು ತಿಂಗಳಿಂದ ನಿಮ್ಮನ್ನ ನಂಬ್ಯಾಳ. ಸುಳ್ಳು ಹೇಳಬ್ಯಾಡ್ರಿ."

ಮರುದಿನ ಕಂಪನಿಯ ಬಸ್ಸಿನಲ್ಲಿ ಇದೇ ಮಾತು. ಮರುಳಸಿದ್ದಮ್ಮ ಸಮಾಧಾನ ಹೇಳುವ ದನಿಯಲ್ಲಿ, "ನಿಮ್ಮತ್ತಿ ಮೀನು ಭಾಳ ಚಂದ ಮಾಡ್ತಾರ ಅಂತ ನಮಗ ಗೊತ್ತs ಇರಲಿಲ್ಲ ಬಿಡ್ರಿ" ಎಂದಳು. ಶ್ರೀಪ್ರಿಯಾ ಸಂಜೆ ಮನೆಗೆ ಬಂದು ಎಲ್ಲವನ್ನೂ ಓದಿ ಹೇಳಿದಳು. ಪ್ರಭಂಜನರು ಮೀನು ಎಂಬ ಶಬ್ದಕ್ಕೆ ಬೆವೆತು, ಸ್ನಾನ ಮಾಡಬೇಕೇ ಬೇಡವೇ ಎಂಬ ಧರ್ಮಸಂದೇಹದಲ್ಲಿ ನಿಂತರು. ಗಂಗಾಬಾಯಿಯವರು ಹತ್ತಿಯ ಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿದರು.

"ಮೀನಿಂದೇನು, ಪಾಪ, ನೀರಾಗಿನ ಜೀವ. ಸುಳ್ಳು ಹೇಳ್ತೀನಿ ಅಂದಾಳಲ್ಲ ಆ ಹುಡುಗಿ. ಕದ್ದ ಅಡಿಗಿ ಅಂದಾಳಲ್ಲ. ಇದು ನಮ್ಮತ್ತಿಯವರು ನನ್ನ ಕೈ ಹಿಡಿದು ಕಲಿಸಿದ್ದು."

"ಒಬ್ಬಾಕಿ ಏನೋ ಬರದ್ಳು ಅಂತ ಯಾಕ ಮನಸಿಗೆ ಹಚ್ಕೋತೀರಿ ಅತ್ತಿ?"

"ನಾಳೆ ಬೆಳಿಗ್ಗೆ ಇದೇ ಅಡಿಗಿ ದೇವರ ಮುಂದ ಇಡಬೇಕಲ್ಲವಾ. ಊರೆಲ್ಲ ಸುಳ್ಳು ಅಂದದ್ದನ್ನ ಹ್ಯಾಂಗ ಇಡ್ಲಿ?" ಎಂದು ಗಂಗಾಬಾಯಿಯವರು ಗಂಡನ ಕಡೆ ತಿರುಗಿದರು. "ಇಲ್ಲಿ ಕೇಳ್ರಿ. ದ್ವಾದಶಿಯೊಳಗ ಈ ಮಾತು ತೊಳದು ಹೋಗಬೇಕು. ಇಲ್ಲಂದ್ರ ಬ್ಲಾಗು ಮುಚ್ಚಿಬಿಡ್ರಿ. ನಾ ಇನ್ನ ಒಂದು ಅಕ್ಷರ ಬರಿಯಂಗಿಲ್ಲ."

ಅಂದು ಅಷ್ಟಮಿ. ಉಳಿದಿದ್ದುದು ನಾಲ್ಕು ದಿನ.

ಪ್ರಭಂಜನರು ಆ ಸಂಜೆಯೇ ಕುಳಿತು ನಾಲ್ಕು ಪುಟಗಳ ಸಮಜಾಯಿಷಿ ಸಿದ್ಧಪಡಿಸಿದರು. "ಸದರಿ ಆರೋಪವು ಸತ್ಯಕ್ಕೆ ದೂರವಾದುದು" ಎಂದು ಅದು ಆರಂಭವಾಗುತ್ತಿತ್ತು. ಗಂಗಾಬಾಯಿಯವರು ಮೊದಲ ಸಾಲಿನಲ್ಲಿಯೇ ತಡೆದರು.

"ಸತ್ಯಕ್ಕ ದೂರ ಹ್ಯಾಂಗಾತ್ರಿ? ಚಿತ್ರ ಕದ್ದದ್ದು ಖರೆ ಅಲ್ಲೇನು?"

"ಕದ್ದಿಲ್ಲ. ಇಳಿಸ್ಕೊಂಡೆ."

"ಸಂತ್ಯಾಗ ಬ್ಯಾರೆಯವರ ಬುಟ್ಟಿಯಿಂದ ಬದನಿಕಾಯಿ ಇಳಿಸ್ಕೊಂಡು ಬಂದ್ರ ಏನಂತಾರ?"

ಅಧೀಕ್ಷಕರು ಕಡತವನ್ನು ಮುಚ್ಚಿದರು.

ನವಮಿಯಂದು ಕಚೇರಿಗೆ ರಜೆಯಿದ್ದುದರಿಂದ ಶ್ರೀಪ್ರಿಯಾ ತನ್ನ ಉಪಾಯವನ್ನು ಹೂಡಿದಳು. ಆಂಬೊಡೆಯ ನಿಜವಾದ ಚಿತ್ರವೊಂದನ್ನು ಹಾಕಿಬಿಟ್ಟರೆ ವಾದವೇ ಮುಗಿಯುವುದೆಂದು ಆಕೆಯ ಎಣಿಕೆ. ಆದರೆ ಅಡುಗೆ ಒಲೆಯ ಮೇಲಿರುವಾಗ ಫೋನು ಒಳಗೆ ಬರುವಂತಿಲ್ಲ. ನೈವೇದ್ಯಕ್ಕೆ ಮೊದಲು ಚಿತ್ರ ತೆಗೆದು ದೇವರಿಗಿಂತ ಮುಂಚೆ ಲೋಕಕ್ಕೆ ತೋರಿಸುವಂತಿಲ್ಲ. ನೈವೇದ್ಯವಾದ ಮೇಲೆ ಪ್ರಸಾದವನ್ನು ತಡೆದಿಡುವಂತಿಲ್ಲ, ಒಡನೆ ಬಡಿಸಬೇಕು. ಬಡಿಸಿದ ಎಲೆಯನ್ನು ಚಿತ್ರ ತೆಗೆದು ಊರಿಗೆ ತೋರಿಸುವುದು ಸಭ್ಯತೆಯಲ್ಲ.

"ಮತ್ತ ಯಾವಾಗ ತಗೀಬೇಕು ಅತ್ತಿ?"

"ಅದಕ್ಕ ಅಲ್ಲವಾ ನಿಮ್ಮ ಮಾವನೋರು ಕದಿಯೋ ಹಂಗಾತು."

ಸೊಸೆ ಹಿಂದಿನ ಅಂಗಳಕ್ಕೆ ಹೋಗಿ, ಸೆಲ್ಫಿ ಕೋಲಿಗೆ ಫೋನನ್ನು ಸಿಕ್ಕಿಸಿ, ಅಡುಗೆಮನೆಯ ಕಿಟಕಿಯ ಸರಳುಗಳ ನಡುವಿನಿಂದ ಮೆಲ್ಲಗೆ ಒಳಕ್ಕೆ ಚಾಚಿದಳು. ಎಣ್ಣೆಯ ಹಬೆ ಕನ್ನಡಿಯಂತಹ ಕ್ಯಾಮೆರಾ ಕಣ್ಣಿಗೆ ಮುಸುಕಿ, ಚಿತ್ರದಲ್ಲಿ ಆಂಬೊಡೆಯ ಬದಲು ಹಿಮಾಲಯದಂತಹ ಬಿಳುಪು ಮಾತ್ರ ಮೂಡಿತು. ಅಷ್ಟರಲ್ಲಿ ಗಂಗಾಬಾಯಿಯವರು ತಲೆಯೆತ್ತಿ ನೋಡಲು, ಬಾಂಡಲಿಯ ಮೇಲೆ ಗೇಣುದ್ದದಲ್ಲಿ ಚರ್ಮದ ಚೀಲ ತೊಟ್ಟ ಫೋನು ತೂಗಾಡುತ್ತಿತ್ತು. ಅವರು ಬೈಯಲಿಲ್ಲ. ಒಲೆಯಾರಿಸಿ, ಅಡುಗೆಯನ್ನೆಲ್ಲ ಆಕಳಿಗೆ ಹಾಕಿಸಿ, ಮತ್ತೆ ಸ್ನಾನ ಮಾಡಿ, ಅಕ್ಕಿ ತೊಳೆಯುವುದರಿಂದ ಆರಂಭಿಸಿದರು. ಆ ದಿನ ಊಟವಾದಾಗ ಮೂರೂಕಾಲು ಗಂಟೆ. ಪ್ರಭಂಜನರು ಹಸಿವಿನಿಂದ ಸೊಸೆಯ ಕಡೆ ನೋಡಿದ ನೋಟದಲ್ಲಿ ಸಮಜಾಯಿಷಿಯ ನಾಲ್ಕು ಪುಟವೂ ಇತ್ತು.

ದಶಮಿಯ ಮಧ್ಯಾಹ್ನ ಗಂಗಾಬಾಯಿಯವರು ನೋಟ್‌ಬುಕ್ಕನ್ನು ತರಿಸಿಕೊಂಡು ಒಂದೇ ಉಸಿರಿಗೆ ಬರೆದು ಗಂಡನ ಕೈಗಿತ್ತರು. ಸ್ತುತಿಯಿಲ್ಲ, ಮಾಹಾತ್ಮ್ಯವಿಲ್ಲ, ಆರೇಳು ಸಾಲು. ಪ್ರಭಂಜನರು ಓದುತ್ತ ಟೈಪು ಮಾಡುತ್ತ ಬಂದು ಕೊನೆಯಲ್ಲಿ ನಿಂತರು.

"ನಿನ್ನ ಹೆಸರು ಬರದೀದಿ. ಬರೀಲಿಕ್ಕೆ ನಾ ಯಾರು ಅಂತ ನೀನs ಅಂದಿದ್ದಿ."

"ಹೊಗಳಿದಾಗ ಹೆಸರು ಮುಚ್ಚಿಟ್ರ ವಿನಯ. ಬೈದಾಗ ಮುಚ್ಚಿಟ್ರ ಅಂಜಿಕಿ. ಆ ಹುಡುಗಿ ಯಾರನ್ನ ಬೈದಾಳ, ಓದ್ರಿ. ಶ್ರೀಹರಿ ಅವರೇ, ಸುಳ್ಳು ಹೇಳಬ್ಯಾಡ್ರಿ ಅಂತಾಳ. ನಮ್ಮ ತಪ್ಪಿಗೆ ಅವ ಬೈಸ್ಕೊಳ್ಳಿಕ್ಹತ್ಯಾನ. ಇದಕ್ಕಿಂತ ಪಾಪ ಇನ್ನೇನದ?"

ಆರು ತಿಂಗಳು ಆ ಹೆಸರಿನಲ್ಲಿ ಪರಿಶೀಲಿಸಲಾಗುವುದು ಎಂದು ಉತ್ತರ ಕೊಟ್ಟವರು ಪ್ರಭಂಜನರೇ. ಬರೆದುದನ್ನು ಹಾಗೆಯೇ ಪ್ರಕಟಿಸಿದರು. ಬರಹ ಹೀಗಿತ್ತು:

"ಈ ಬ್ಲಾಗಿನಲ್ಲಿರುವ ಚಿತ್ರಗಳು ನಮ್ಮವಲ್ಲ, ಅವುಗಳ ಒಡೆಯರ ಕ್ಷಮೆ ಬೇಡಿ ಎಲ್ಲವನ್ನೂ ತೆಗೆದಿದ್ದೇವೆ. ಬರೆಯುವಾಕೆ ಶ್ರೀಹರಿಯಲ್ಲ, ಅವನ ಹೆಸರನ್ನು ಹಾಕಿದ್ದು ಭಕ್ತಿಯಿಂದಲೇ ಆದರೂ ಓದುವವರಿಗೆ ಅದು ಮೋಸವಾಯಿತು. ಅಡುಗೆ ಮಾತ್ರ ನನ್ನದು, ನನ್ನ ಅತ್ತೆಯವರಿಂದ ಬಂದದ್ದು. ಅನುಮಾನವುಳ್ಳವರು ದ್ವಾದಶಿಯ ಬೆಳಿಗ್ಗೆ ಆರೂವರೆಗೆ ನಮ್ಮ ಮನೆಗೆ ಊಟಕ್ಕೆ ಬರಬೇಕು. ಆಂಬೊಡೆಯನ್ನು ಕಣ್ಣಾರೆ ನೋಡಿ, ಉಂಡು, ಸುಳ್ಳೆನಿಸಿದರೆ ಅಲ್ಲಿಯೇ ಹೇಳಬೇಕು. ಗಂಗಾಬಾಯಿ, ಹೊಸಪೇಟೆ." ಅದರ ಕೆಳಗೆ ಮನೆಯ ವಿಳಾಸ, ಪ್ರಭಂಜನರ ಫೋನ್ ನಂಬರು.

ಏಕಾದಶಿಯ ಉಪವಾಸದ ಮರುದಿನ ಸೂರ್ಯೋದಯವಾದೊಡನೆ ಪಾರಣೆ ಮಾಡುವುದು ಆ ಮನೆಯ ಪದ್ಧತಿ. ಆರೂವರೆಗೆ ಊಟ ಎಂಬುದರಲ್ಲಿ ಅವರಿಗೆ ವಿಶೇಷವೇನೂ ಕಾಣಲಿಲ್ಲ. ಓದಿದವರಿಗೆ ಕಂಡಿತು. "ಬೆಳಿಗ್ಗೆ ಅಂತ ತಪ್ಪಿ ಬರದಾರ, ಸಂಜಿ ಆರೂವರೆ ಇರಬೇಕು" ಎಂದು ಕೆಲವರು, "ತಿಂಡಿ ಇರಬೇಕು" ಎಂದು ಕೆಲವರು ಬಸ್ಸಿನಲ್ಲಿ ಚರ್ಚಿಸಿದರು. ಸ್ಪಷ್ಟನೆ ಕೇಳೋಣವೆಂದರೆ ಅಷ್ಟರಲ್ಲಿ ಏಕಾದಶಿ ಬಂದು ಬ್ಲಾಗು ಮುಚ್ಚಿತ್ತು. ಫೋನಿಗೆ ಕರೆ ಮಾಡಿದವರಿಗೆ ಪ್ರಭಂಜನರು, "ಇವತ್ತು ಊಟದ ಮಾತು ಆಡಂಗಿಲ್ಲ" ಎಂದು ಹೇಳಿ ಇಡುತ್ತಿದ್ದರು.

"ಎಷ್ಟು ಮಂದಿ ಬಂದಾರು?" ಎಂದು ಸೊಸೆ ಕೇಳಿದಳು.

"ಹೊತ್ತು ಹುಟ್ಟೋದಕ್ಕ ಯಾರು ಬರ್ತಾರವಾ. ಆ ಹುಡುಗಿ, ಅಕಿ ತಾಯಿ. ಹತ್ತು ಮಂದಿಗೆ ಆಗೋ ಹಂಗ ಬ್ಯಾಳಿ ನೆನಸ್ತೀನಿ."

ದ್ವಾದಶಿಯ ಬೆಳಿಗ್ಗೆ ಕಂಪ್ಲಿಯಿಂದ ಬರುವ ಮೊದಲ ಬಸ್ಸಿಗೆ ತಾಯಿಮಗಳು ಬಂದಿಳಿದರು. ಗಂಧ ಮುದ್ರೆಗಳಿಂದ ಶೋಭಿಸುತ್ತ ಬಾಗಿಲಲ್ಲಿ ನಿಂತಿದ್ದ ಪ್ರಭಂಜನರನ್ನು ಕಂಡೊಡನೆ ಹಂಪಮ್ಮ, ಮಗಳು ದಾರಿಯುದ್ದಕ್ಕೂ ಹೇಳಿದ್ದನ್ನೆಲ್ಲ ಮರೆತು, ಕಾಲಿಗೆ ಬಿದ್ದಳು.

"ಶ್ರೀಹರಿ ಸರ್ರ."

"ನಾ ಅಲ್ಲವಾ, ಏಳ್ರಿ. ನಾ ಬರೇ ಟೈಪ್ ಮಾಡಾಂವ. ಉತ್ತರ ಕೊಡಾಂವ."

ಹಂಪಮ್ಮ ಎದ್ದು ಸೆರಗು ಸರಿಪಡಿಸಿಕೊಂಡಳು. "ಹಂಗಾರ ಬಾಂಡ್ಲಿ ಇಟ್ಟೀನಿ ಅಂದ್ರೂ ಮೂರು ದಿನ ಕಾಯಿಸಿದೋರು ನೀವs ಏನ್ರಿ?"

"ಹೌದು. ನಾನ."

"ಆ ದಿನ ಸಾರು ಸಪ್ಪಗಾಗಿ ನಮ್ಮ ಮನಿಯೋರು ಎದ್ದು ಹೋಟೆಲಿಗೆ ಹೋದ್ರು, ಗೊತ್ತೈತೇನು?"

ಅಧೀಕ್ಷಕರು ತಮ್ಮ ಸೇವಾವಧಿಯಲ್ಲಿ ಎಂದೂ ಕೇಳದಿದ್ದ ಕ್ಷಮೆಯನ್ನು ಬಾಗಿಲಲ್ಲಿ ನಿಂತು ಕೇಳಿದರು.

ಕಾವ್ಯ ಕ್ಯಾಮೆರಾದ ಚೀಲವನ್ನು ಪಡಸಾಲೆಯಲ್ಲಿಯೇ ಇಟ್ಟು, ಅಡುಗೆಮನೆಯ ಹೊಸ್ತಿಲಿನ ಹೊರಗೆ ಕುಳಿತಳು. ಒಳಗೆ ಗಂಗಾಬಾಯಿಯವರು ಒದ್ದೆ ಕೂದಲನ್ನು ತುದಿಗಂಟು ಹಾಕಿಕೊಂಡು, ಬೇಳೆಯ ಮುದ್ದೆಯನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಡುತ್ತಿದ್ದರು.

"ನೀನೇನವಾ ಕಾವ್ಯ? ಕುಂದ್ರು. ಒಳಗ ಬಾ ಅನ್ನಂಗಿಲ್ಲ, ಬ್ಯಾಸರ ಮಾಡ್ಕೋಬ್ಯಾಡ. ಅಲ್ಲಿಂದ ಕಾಣ್ತದಲ್ಲ?"

"ಕಾಣ್ತೈತ್ರಿ ಅಮ್ಮ." ಆಕೆ ಪರೀಕ್ಷಕಳ ದನಿಯನ್ನು ಬಿಡಲಿಲ್ಲ. "ಅವ್ವ ಮಾಡಿದ್ರ ಒಡದು ಹೋಗ್ತಾವು. ಯಾಕ್ರಿ?"

"ಬ್ಯಾಳಿ ಎಲ್ಲಾ ರುಬ್ಬಿರ್ತಾರ. ಒಂದು ಹಿಡಿ ರುಬ್ಬದ ಹಂಗs ಇಟ್ಟು ಆಮ್ಯಾಲ ಕಲಸಬೇಕು. ಮತ್ತ ನೀರು ಪೂರಾ ಬಸೀಬೇಕು. ಬಸದ್ರೇನು?"

ಬಾಗಿಲ ಬಳಿಯಿಂದ ಹಂಪಮ್ಮ, "ಇಲ್ರಿ, ನೀರು ಹಂಗs ಇರ್ತದ" ಎಂದು ಒಪ್ಪಿಕೊಂಡಳು.

"ಬೆಂದದ್ದು ಹ್ಯಾಂಗ ಗೊತ್ತಾಗ್ತದ್ರಿ? ಬಣ್ಣ ನೋಡೇನು?" ಎಂದು ಕಾವ್ಯ ಮತ್ತೆ ಕೇಳಿದಳು.

"ಬಣ್ಣ ಮೋಸ ಮಾಡ್ತದವಾ. ಸಪ್ಪಳ ಕೇಳು." ಗಂಗಾಬಾಯಿಯವರು ಕಣ್ಣು ಮುಚ್ಚಿದರು. ಬಾಂಡಲಿಯ ಚಟಪಟ ಸದ್ದು ಮೆಲ್ಲಮೆಲ್ಲನೆ ಇಳಿದು ಪಿಸುಮಾತಿನಷ್ಟಾದಾಗ ತೂತಿನ ಸೌಟನ್ನು ಹಾಕಿ ಎತ್ತಿದರು. ಒಂದು ಸಲಕ್ಕೆ ಬಿಟ್ಟ ಎಂಟೂ ಒಂದೇ ಹದ, ಒಂದೇ ಹೊನ್ನು. ಬಣ್ಣವನ್ನೇ ನಂಬಿ ಬದುಕುವ ಫೋಟೊ ತೆಗೆಯುವವಳ ಕೈ ತಾನಾಗಿ ಕ್ಯಾಮೆರಾ ಚೀಲವಿದ್ದ ಕಡೆ ಹೋಗಿ ಹಿಂದೆ ಬಂತು.

ಅಷ್ಟು ಹೊತ್ತಿಗೆ ಓಣಿಯಲ್ಲಿ ಗದ್ದಲವೆದ್ದಿತು. ಯಶವಂತನಗರದ ಕಚೇರಿಯ ಹೆಂಗಸರು ಕೆಲಸಕ್ಕೆ ಹೊರಟವರು ಹಾಗೆಯೇ ಬಂದಿದ್ದರು. ಕೆಲವರ ಜೊತೆ ಗಂಡಂದಿರು. ಹಂಪಿಯಿಂದ ಎರ್ರೆಪ್ಪ ಮೋಟರ್‌ಸೈಕಲ್ಲಿನಲ್ಲಿ ಬಂದಿದ್ದನು. ಶ್ರೀಪ್ರಿಯಾ ಎಣಿಸಿ ಒಳಗೆ ಬಂದು ಮೆಲುದನಿಯಲ್ಲಿ ಹೇಳಿದಳು:

"ಅತ್ತಿ, ಮೂವತ್ತೆಂಟು."

ಗಂಗಾಬಾಯಿಯವರು ಇಪ್ಪತ್ತು ಆಂಬೊಡೆಗಳಿದ್ದ ಪಾತ್ರೆಯನ್ನು ನೋಡಿದರು. ಮನೆಗೆ ಕರೆದ ಅತಿಥಿಯನ್ನು ಅರೆಹೊಟ್ಟೆಯಲ್ಲಿ ಕಳಿಸುವುದು ಅವರಿಗೆ ಸುಳ್ಳಿಗಿಂತ ಕಿರಿದಾದ ಪಾಪವಲ್ಲ. ಆಗ ಹೊಸ್ತಿಲಿನಾಚೆ ನಿಂತಿದ್ದ ಹಂಪಮ್ಮ ತೋಳು ಮೇಲೇರಿಸಿದಳು.

"ನಡೀರಿ, ಇದು ನಂಗ ಬಿಡ್ರಿ. ಗಿರಣ್ಯಾಗ ಹಮಾಲರಿಗೆ ದಿನಾ ಊಟ ಹಾಕಾಕಿ ನಾ. ಒಳಗಿಂದ ಅಕ್ಕಿ ಕೊಡ್ರಿ, ಹಿಂದಿನ ಅಂಗಳದಾಗ ಒಲಿ ಹೂಡಿ ಅನ್ನ ನಾ ಇಳಸ್ತೀನಿ. ಆಂಬೊಡಿ ಅರ್ಧರ್ಧ ಮಾಡ್ರಿ. ತಿನ್ನಾಕಲ್ಲ, ಸಾಕ್ಷಿಗೆ."

ಹಾಗೆಯೇ ಆಯಿತು. ನೈವೇದ್ಯವಾದ ಮೇಲೆ ಪಡಸಾಲೆ, ಅಂಗಳ, ಜಗಲಿಗಳಲ್ಲಿ ಎಲೆಗಳು ಬಿದ್ದವು. ಹೆಸರುಬೇಳೆಯ ತೊವ್ವೆ, ಅಗಸೆಸೊಪ್ಪಿನ ಪಲ್ಯ, ಮೆಣಸಿನ ಸಾರು, ಎಲೆಗೆ ಅರ್ಧ ಆಂಬೊಡೆ. ಆರೂವರೆಯ ಊಟಕ್ಕೆ ಹೊಟ್ಟೆ ಸಿದ್ಧವಿರಲಿಲ್ಲವೆಂದವರು ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಮರುಳಸಿದ್ದಮ್ಮ ತಲೆಯೆತ್ತದೆ ಉಣ್ಣುತ್ತ, "ಮೀನು ಅಂದಿದ್ದು ನಾ ವಾಪಸ್ ತಗೊಂಡೀನ್ರಿ" ಎಂದಳು. ಎರ್ರೆಪ್ಪನು, "ನಾ ಎಲ್ಲಾದಕ್ಕೂ ಮಸ್ತ್ ಐತಿ ಅಂತ ಬರೀತಿದ್ದೆ, ಓದ್ತಿರಲಿಲ್ಲ. ಖರೇನ ಮಸ್ತ್ ಐತಿ ಅಂತ ಇವತ್ತು ಗೊತ್ತಾತು" ಎಂದನು.

ಕಾವ್ಯ ಅರ್ಧ ಆಂಬೊಡೆಯನ್ನು ಮುರಿದು ಬಾಯಿಗಿಟ್ಟು, ತಾಯಿಯ ಎಲೆಯಲ್ಲಿದ್ದ ಅರ್ಧವನ್ನೂ ತೆಗೆದುಕೊಂಡಳು. ಕೈತೊಳೆದು ಬಂದು ಗಂಗಾಬಾಯಿಯವರ ಎದುರು ನಿಂತಳು.

"ಅಮ್ಮ, ನಾ ತಪ್ಪು ಬರದೆ."

"ಪೂರಾ ತಪ್ಪಲ್ಲವಾ. ಖರೆ ಎಷ್ಟೋ ಅಷ್ಟನ್ನ ಬಿಡಬ್ಯಾಡ."

ಪ್ರಭಂಜನರು ಬ್ಲಾಗನ್ನು ತೆರೆದರು. ಎಲ್ಲರೂ ನೋಡುತ್ತಿರುವಂತೆಯೇ ಆಕೆ ತನ್ನ ಫೋನಿನಲ್ಲಿ ಬರೆದಳು: "ಫೋಟೊ ಕದ್ದದ್ದು ಅಂತ ನಾ ಅಂದದ್ದು ಖರೆ, ಅವರೂ ಒಪ್ಯಾರ. ಅಡಿಗಿ ಕದ್ದದ್ದು ಅಂತ ಅಂದದ್ದು ಸುಳ್ಳು. ಆ ಸುಳ್ಳು ನಂದು. ಗಂಗಾಬಾಯಿ ಅಮ್ಮ ಒಲಿ ಮುಂದ ನಿಂತದ್ದು ನಾ ಕಂಡೀನಿ, ಉಂಡೀನಿ." ಶ್ರೀಪ್ರಿಯಾ ಅದನ್ನು ಗಟ್ಟಿಯಾಗಿ ಓದಿದಳು. ಗಂಗಾಬಾಯಿಯವರು ಹೊಗಳಿಕೆಯ ಭಾಗ ಬರುವ ಮೊದಲೇ ಎದ್ದು ಒಳಗೆ ಹೋಗಲು ನೋಡಿದರು. ಹಂಪಮ್ಮ ಕೈಹಿಡಿದು ಕೂರಿಸಿದಳು. "ಎಲ್ಲಿ ಹೋಗ್ತೀರಿ? ಫೋಟೊದ ಮಾತು ಮುಗದಿಲ್ಲ" ಎಂದಳು.

"ಫೋಟೊ ತಗಿಯೋ ಹಂಗಿಲ್ಲ ಹಂಪಮ್ಮ. ಚಿತ್ರ ಇಲ್ದ ಬರೀತೀನಿ."

"ಯಾಕಿಲ್ಲ? ನಮ್ಮ ಗಿರಣಿಗೆ ಸಾವ್ಕಾರ್ರು ಅಕ್ಕಿ ಕೊಳ್ಳಾಕ ಬಂದ್ರ ಅನ್ನ ಮಾಡಿ ತೋರಸ್ತೀವೇನು? ಅಂಗೈ ಮ್ಯಾಲ ಒಂದು ಹಿಡಿ ಕಾಳು ಹಾಕ್ತೀವಿ. ಅದನ್ನ ನೋಡೇ ಅನ್ನ ಹ್ಯಾಂಗಾಗ್ತದ ಹೇಳ್ತಾರ. ನೀವೂ ಸ್ಯಾಂಪಲ್ ತೋರಿಸ್ರಿ. ಬ್ಯಾಳಿ ಎಷ್ಟು, ಮೆಣಸಿನಕಾಯಿ ಎಷ್ಟು, ಕಾಳು ಕೇರೋ ಮರದಾಗ ಸಾಲಾಗಿ ಇಡ್ರಿ. ಅದಕ್ಕ ಮಡಿ ಇಲ್ಲಲ್ಲ."

ಗಂಗಾಬಾಯಿಯವರು ಮನಸ್ಸಿನಲ್ಲಿಯೇ ಧರ್ಮಶಾಸ್ತ್ರವನ್ನು ಮೂರು ಸಲ ಮಗುಚಿ ನೋಡಿದರು. ಒಲೆಯನ್ನು ಮುಟ್ಟದ ಬೇಳೆಗೆ ಮಡಿಯ ದೋಷವಿಲ್ಲ. ನೈವೇದ್ಯಕ್ಕಿಡುವ ಅಡುಗೆ ಇನ್ನೂ ಆಗಿಲ್ಲದ ಕಾರಣ ದೃಷ್ಟಿಯ ದೋಷವೂ ಇಲ್ಲ. "ಶಾಸ್ತ್ರಕ್ಕ ಬರ್ತದ, ತಗೀರಿ" ಎಂದರು.

ಅಂದೇ ಜಗಲಿಯ ಬಿಸಿಲಿನಲ್ಲಿ, ಮೊರದೊಳಗೆ ಪಾವು ಕಡಲೆಬೇಳೆ, ಅದರ ಪಕ್ಕದಲ್ಲಿ ರುಬ್ಬದೆ ಉಳಿಸುವ ಒಂದು ಹಿಡಿ, ನಾಲ್ಕು ಹಸಿಮೆಣಸಿನಕಾಯಿ, ಶುಂಠಿ, ಕರಿಬೇವಿನ ಎಸಳು, ಇವನ್ನು ಗಂಗಾಬಾಯಿಯವರ ಕೈಯೇ ಸಾಲಾಗಿ ಇಟ್ಟಿತು. ಕಾವ್ಯ ಚಿತ್ರ ತೆಗೆದಳು. ಎಷ್ಟು ಬೇಕೆಂದು ಇನ್ನು ಯಾರೂ ಕೇಳಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ. ಆ ದಿನದಿಂದ ಪ್ರತಿಯೊಂದು ಬರಹದ ಮೇಲೂ ಇಂತಹುದೇ ಒಂದು ಮೊರದ ಚಿತ್ರವಿರುತ್ತದೆ. ಲೇಖಕರ ಹೆಸರು ಗಂಗಾಬಾಯಿ ಎಂದಿದೆ. ಬಣ್ಣಗಳು ಹೋದವು, ದೀಪಗಳು ಹೋದವು, ಗಂಟೆ ಸುಮ್ಮನಾಯಿತು. ಏಕಾದಶಿಗೆ ಬ್ಲಾಗು ಈಗಲೂ ಮುಚ್ಚುತ್ತದೆ, ಹಿಂದಿನ ದಿನವೇ ತಿಳಿಸಿ. ಸ್ತುತಿಯನ್ನು ಕೆಳಗಿಳಿಸಬೇಕೆಂದು ಕಾವ್ಯ ಎಷ್ಟು ಬೇಡಿದರೂ ಗಂಗಾಬಾಯಿಯವರು ಒಪ್ಪಲಿಲ್ಲ. ಹನ್ನೆರಡು ಸಾಲನ್ನು ಎರಡಕ್ಕೆ ಇಳಿಸಲು ಮಾತ್ರ ಒಪ್ಪಿದರು. ಪ್ರಶ್ನೆಗಳಿಗೆ ಉತ್ತರಿಸುವ ಕೆಲಸ ಸೊಸೆಯ ಪಾಲಿಗೆ ಹೋಯಿತು. ಪ್ರಭಂಜನರು ಮೊರದಲ್ಲಿ ಬೇಳೆಯನ್ನು ಆರಿಸಿ ಕಲ್ಲು ತೆಗೆಯುವ ಹುದ್ದೆಗೆ ನೇಮಕಗೊಂಡು, ಅದನ್ನು ಸಮಯಪಾಲನೆಯಿಂದ ನಿರ್ವಹಿಸುತ್ತಿದ್ದಾರೆ.

ತುಂಗಭದ್ರೆಯ ತೀರದಲ್ಲಿ ನೆಲೆನಿಂತ ದೈವಗಳೆಲ್ಲವೂ ಆ ಮನೆಯನ್ನು ಕಾಯಲಿ. ಗಂಗಾಬಾಯಿಯವರ ಮಂಡಿಗೆ ನೋವು ಬಾರದಿರಲಿ, ಬರೆಯುವ ಬೆರಳಿಗೆ ನಡುಕ ಬಾರದಿರಲಿ. ಪ್ರಭಂಜನರ ಕಣ್ಣಿನ ಬೆಳಕು ನೂರು ವರ್ಷ ಸಣ್ಣ ಕಲ್ಲನ್ನೂ ಕಾಣಲಿ. ಶ್ರೀಪ್ರಿಯಾಳ ಮಡಿಲು ತುಂಬಲಿ, ಆ ಕೂಸು ಅಜ್ಜಿಯ ಕೈತುತ್ತನ್ನು ಹಟಮಾಡದೆ ಉಣ್ಣಲಿ. ಅವರ ಹಿತ್ತಿಲ ಬಾವಿಯಲ್ಲಿ ವೈಶಾಖದಲ್ಲಿಯೂ ನೀರಿರಲಿ. ಕೊಟ್ಟಿಗೆಯ ಆಕಳು ಎರಡೂ ಹೊತ್ತು ಹಾಲು ಕರೆಯಲಿ. ಬಂದವರು ಎಷ್ಟೇ ಮಂದಿಯಾದರೂ ಆ ಮನೆಯ ಅನ್ನ ಒಂದು ಸೌಟು ಹೆಚ್ಚಾಗಿಯೇ ಉಳಿಯಲಿ. ಶುಭಮಸ್ತು.